ಮಣ್ಣಿನ ಮೂತಿಯ ಬೆಸುಗೆ

ಮಲ್ಲೇಶಪ್ಪ ಹಿರೇಕೊಡಿಗೆಯ ಕೂಲಿಯವರ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಕೊಪ್ಪದಿಂದ ಶೃಂಗೇರಿಗೆ ಓಡುವ ಬಸ್ಸಿನ ಮಾಲೀಕ, ಬಾಳೆಹೊನ್ನೂರಿನ ಕಡೆಯ ದೊಡ್ಡ ವ್ಯಾಪಾರದ ಮನೆಯವನು. ಅಂಥವನು ಪಂಚೆಯ ಅಂಚು ಎತ್ತಿ ಹಿಡಿದುಕೊಂಡು, ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿರುವಾಗ, ನಾಯಿಗಳಿಂದ ಬೊಗಳಿಸಿಕೊಳ್ಳುತ್ತ ಬಂದು ನಿಂತದ್ದು ಬೂತಪ್ಪನ ಗುಡಿಸಲಿನ ಮುಂದೆ. ಅವನಿಗೆ ಬೇಕಾಗಿದ್ದದ್ದು ಬೂತಪ್ಪನಲ್ಲ. ಬೂತಪ್ಪನ ಎರಡು ಕಣ್ಣನ್ನೂ ತಿಂದು, ಅವನನ್ನು ಬೀದಿಗೆ ಬಿಸಾಡಿ ಆಗಲೇ ಎರಡು ವರ್ಷವಾಗಿತ್ತು. ಈಗ ಬೇಕಾಗಿದ್ದದ್ದು ಬೂತಪ್ಪನ ಹೆಂಡತಿ ಕಮಲಕ್ಕನ ಕೈ.

ಕಮಲಕ್ಕ ಅಂಗಳದಲ್ಲಿ ಬತ್ತ ಕುಟ್ಟುತ್ತಿದ್ದಳು. ತಲೆ ಎತ್ತಿ ನೋಡಿದಳು. ಒನಕೆ ನಿಲ್ಲಿಸಲಿಲ್ಲ.

"ಕಮಲಿ, ನಿನ್ ಹತ್ರ ಒಂದು ಕೆಲ್ಸ ಇತ್ತು" ಎಂದ ಮಲ್ಲೇಶಪ್ಪ.

"ನಮ್ಮಂಥ ಕುಡುಕರ ಮನೇಲಿ ನಿಮಗೆಂಥ ಕೆಲ್ಸ ಸಾವ್ಕಾರ್ರೇ?"

ಮಲ್ಲೇಶಪ್ಪ ಆ ಮಾತನ್ನು ಕೇಳಿಸಿಕೊಳ್ಳದವನಂತೆ ಗಂಟಲು ಸರಿಮಾಡಿಕೊಂಡ. ಕೇಳಿಸಿಕೊಳ್ಳದವನಂತೆ ಇರುವುದರಲ್ಲಿ ಆ ಮನುಷ್ಯನಿಗೆ ಒಳ್ಳೆಯ ಅಭ್ಯಾಸವಿತ್ತು.

ಆ ಕುಡುಕ ಎಂಬ ಮಾತಿನ ಹಿಂದಿನ ಕತೆಯನ್ನು ಮೊದಲು ಹೇಳಿಬಿಡಬೇಕು. ದೂರದೇಶದಲ್ಲಿ ಯುದ್ಧ ಶುರುವಾಗಿ ಇಲ್ಲಿ ಪೆಟ್ರೋಲು ಸಿಗದಂತಾದಾಗ, ಮಲೆನಾಡಿನ ಬಸ್ಸುಗಳೆಲ್ಲ ಇದ್ದಿಲು ತಿನ್ನಲು ಕಲಿತವು. ಬಸ್ಸಿನ ಹಿಂಭಾಗಕ್ಕೆ ಒಂದು ದೊಡ್ಡ ಪೀಪಾಯಿ ಕಟ್ಟುವುದು, ಅದರೊಳಗೆ ಇದ್ದಿಲು ಉರಿಸುವುದು, ಅದರಿಂದ ಬರುವ ಗ್ಯಾಸಿನಿಂದ ಇಂಜಿನ್ ಓಡಿಸುವುದು. ಪೀಪಾಯಿಯ ಬುಡದಲ್ಲಿ ಗಾಳಿ ಒಳಗೆ ಹೋಗುವುದಕ್ಕೊಂದು ಮೂತಿ. ಆ ಮೂತಿಯ ತುದಿ ಸದಾ ಬಿಳೀ ಕೆಂಡದೊಳಗೇ ಇರುತ್ತದೆ. ಕಬ್ಬಿಣದ ಮೂತಿಯಾದರೆ ತಿಂಗಳೊಪ್ಪತ್ತಿನಲ್ಲಿ ಸುಟ್ಟು ಕರಗಿಹೋಗುತ್ತದೆ. ಸುಟ್ಟ ಮಣ್ಣಿನದಾದರೆ ಎಂಥ ಬೆಂಕಿಗೂ ಜಗ್ಗುವುದಿಲ್ಲ. ಆದರೆ ಮಣ್ಣಿನ ಮೂತಿಯನ್ನು ಹೊರಗಿನ ಕಬ್ಬಿಣದ ಕೊಳವೆಗೆ ಗಾಳಿಯಾಡದಂತೆ ಬೆಸೆಯಬೇಕಲ್ಲ, ತೊಂದರೆ ಇರುವುದೇ ಅಲ್ಲಿ.

ಬೂತಪ್ಪ ಆ ಬಸ್ಸಿನ ಕ್ಲೀನರು. ಬೆಳಿಗ್ಗೆ ಎದ್ದು ಪೀಪಾಯಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗಾಳಿ ಊದುವ ಬ್ಲೋವರಿನ ಹಿಡಿ ತಿರುಗಿಸಿ ಬೆಂಕಿ ಹೊತ್ತಿಸುವುದು ಅವನ ಕೆಲಸ. ಒಂದು ದಿನ, ಪೀಪಾಯಿಯ ಜೊತೆಗೇ ಪೇಟೆಯಿಂದ ಬಂದಿದ್ದ ಮಣ್ಣಿನ ಮೂತಿಯ ಬೆಸುಗೆ ಬಿರುಕು ಬಿಟ್ಟಿದೆ ಎಂದು ಅವನೇ ಸಾಹುಕಾರನಿಗೆ ಹೇಳಿದ. ಸಾಹುಕಾರ ಬಸ್ಸನ್ನು ಮನೆಗೆ ತರಿಸಿಕೊಂಡು, "ಸರಿ ಮಾಡ್ಸಿದೀನಿ, ನಡಿ" ಎಂದು ಮರುದಿನವೇ ಲೈನಿಗೆ ಬಿಟ್ಟ. ಶೃಂಗೇರಿಯ ದಾರಿಯ ಏರಿನಲ್ಲಿ ಬಸ್ಸು ನಿಂತಿತು. ಬೂತಪ್ಪ ಇಳಿದು ಬ್ಲೋವರ್ ತಿರುಗಿಸಲು ಬಗ್ಗಿದ. ಬೆಸುಗೆ ಬಾಯಿ ಬಿಟ್ಟಿತ್ತು. ಒಳಗಿದ್ದ ಬೆಂಕಿ ಆ ಸಂದಿಯಿಂದ ಹಾರಿ ನೇರವಾಗಿ ಅವನ ಮುಖಕ್ಕೆ ಹೊಡೆಯಿತು.

ಅವನಿನ್ನೂ ಆಸ್ಪತ್ರೆಯಲ್ಲಿ ನರಳುತ್ತಿರುವಾಗಲೇ ಮಲ್ಲೇಶಪ್ಪ ಊರಿಗೆಲ್ಲ ಡಂಗುರ ಹೊಡೆದ. ಬೂತಪ್ಪ ಕಂಠಪೂರ್ತಿ ಕುಡಿದಿದ್ದ, ಮುಚ್ಚಳ ತೆಗೆಯಬಾರದಾಗ ತೆಗೆದ, ಮೈಮೇಲೆ ಎಚ್ಚರ ಇರಲಿಲ್ಲ ಎಂದ. ಹಬ್ಬಹರಿದಿನದಲ್ಲಿ ಬೂತಪ್ಪ ಒಂದಿಷ್ಟು ಹೆಂಡ ಹಾಕುತ್ತಿದ್ದುದು ನಿಜ. ಆದ್ದರಿಂದ ಕೇಳಿದವರೆಲ್ಲ ಹೌದೌದು ಎಂದು ತಲೆ ಅಲ್ಲಾಡಿಸಿದರು. ಆ ದಿನ ಬೆಳಿಗ್ಗೆ ಗಂಜಿ ಬಡಿಸಿ ಕಳಿಸಿದವಳು ಕಮಲಕ್ಕ. ಅವನ ಬಾಯಿಯಿಂದ ಬಂದದ್ದು ಮಾವಿನ ಉಪ್ಪಿನಕಾಯಿಯ ವಾಸನೆ, ಮತ್ತೇನಲ್ಲ. ಅದನ್ನು ಅವಳು ಕಂಡಕಂಡವರ ಮುಂದೆ ಹೇಳಿದಳು. ಕೂಲಿಯವಳ ಮಾತಿಗೆ ಕಿವಿ ಎಲ್ಲಿದೆ?

ಹೋಗಲಿ, ಊರು ನಂಬಿತು ಅಂದರೆ ಊರಿಗೆ ಉಗಿದು ಸುಮ್ಮನಿರಬಹುದು. ಕಮಲಕ್ಕನ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟದ್ದು ಬೇರೆಯೇ. ವರ್ಷ ಕಳೆಯುವುದರೊಳಗೆ ಬೂತಪ್ಪನೇ ಅದನ್ನು ನಂಬತೊಡಗಿದ. "ಸಾವ್ಕಾರ್ರು ಬೆಸುಗೆ ಸರಿ ಮಾಡ್ಸಿದ್ರಲ್ಲ ಮಾರಾಯ್ತಿ. ಹಂಗಾದ್ಮೇಲೆ ತಪ್ಪು ನಂದೇ ಇರ್ಬೇಕು. ಹಿಂದಿನ ಸಂಜೆ ಕುಡ್ದಿದ್ನೋ ಏನೋ, ಯಾರಿಗೊತ್ತು" ಎನ್ನುವನು. ಕಣ್ಣು ಹೋದವನು ಕತ್ತಲೆಯಲ್ಲಿ ಕೂತು ತನ್ನ ಮೇಲೆ ತಾನೇ ಕಲ್ಲು ಎಸೆದುಕೊಳ್ಳುವುದನ್ನು ನೋಡಿದಾಗೆಲ್ಲ ಕಮಲಕ್ಕ ಹಲ್ಲು ಕಡಿಯುತ್ತಿದ್ದಳು. ಮಲ್ಲೇಶಪ್ಪನ ಕಣ್ಣೂ ಹೀಗೇ ಬೆಂದು ಹೋಗಬೇಕು, ಅದನ್ನು ನಾನು ನಿಂತು ನೋಡಬೇಕು. ಅವಳು ದೇವರ ಹತ್ತಿರ ಕೇಳಿಕೊಳ್ಳುತ್ತಿದ್ದದ್ದು ಅಷ್ಟೇ.

ಈಗ ಆ ಮಲ್ಲೇಶಪ್ಪನೇ ಅಂಗಳದಲ್ಲಿ ನಿಂತಿದ್ದ.

ಅವನ ಕಷ್ಟವೂ ಸಣ್ಣದಾಗಿರಲಿಲ್ಲ. ಅಪಘಾತವಾದ ಮೇಲೆ ಅವನು ಕಬ್ಬಿಣದ ಮೂತಿಗಳನ್ನೇ ಹಾಕಿಸಿ ಬಸ್ಸು ಓಡಿಸುತ್ತಿದ್ದ. ಈಗ ಯುದ್ಧದ ದೆಸೆಯಿಂದ ಕಬ್ಬಿಣದ ಚೂರೂ ಸಿಗುವುದು ಕಷ್ಟವಾಗಿತ್ತು. ಕೊನೆಯ ಮೂತಿ ಸುಟ್ಟುಹೋಗಿ ಬಸ್ಸು ಮೂಲೆ ಸೇರಿತ್ತು. ಬಸ್ಸು ಹೀಗೇ ನಿಂತರೆ ಬರುವ ಸೋಮವಾರದ ಮೇಲೆ ಶೃಂಗೇರಿಯ ಲೈನನ್ನು ನರಸಿಂಹರಾಜಪುರದ ಇನ್ನೊಬ್ಬನಿಗೆ ಕೊಡುವುದಾಗಿ ಲೈನಿನ ಕಚೇರಿಯ ಮೇಲಿನವರು ಹೇಳಿ ಕಳಿಸಿದ್ದರು. ಬಾಳಗಡಿಯ ಕುಲುಮೆಯ ತ್ರ್ಯಂಬಕಾಚಾರಿ, "ಮಣ್ಣಿನ ಮೂತಿಗೆ ಲೋಹ ಕೂರಿಸೋದು ಗೊತ್ತಿರೋದು ಈ ಸೀಮೆಗೇ ಒಬ್ಳಿಗೆ. ಹೋಗಿ ಅವಳ ಕಾಲು ಹಿಡೀರಿ" ಎಂದು ಮುಖಕ್ಕೆ ಹೇಳಿಬಿಟ್ಟಿದ್ದ.

ಮಲ್ಲೇಶಪ್ಪ ಇದನ್ನೆಲ್ಲ ಹೇಳಿ ಮುಗಿಸಿದ, ಕಾಲು ಹಿಡಿಯುವ ಮಾತೊಂದನ್ನು ಬಿಟ್ಟು.

ಕಮಲಕ್ಕ ಒನಕೆಯನ್ನು ಗೋಡೆಗೆ ಒರಗಿಸಿದಳು. ದೇವರು ಇಷ್ಟು ಬೇಗ ಕಿವಿಗೊಡುತ್ತಾನೆಂದು ಅವಳು ಎಣಿಸಿರಲಿಲ್ಲ.

"ಮಾಡ್ಕೊಡ್ತೀನಿ. ಆದ್ರೆ ಒಂದು ಮಾತು. ಹೊಸ ಮೂತಿಗೆ ಮೊದಲ ಬೆಂಕಿ ನಿಮ್ ಕೈಯಿಂದ್ಲೇ ಆಗ್ಬೇಕು. ಬ್ಲೋವರಿನ ಹತ್ರ ನೀವೇ ಕೂತು ತಿರುಗಿಸ್ಬೇಕು."

ಇದರಲ್ಲಿ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಮನೆಯಲ್ಲಿ ಹೊಸ ಒಲೆ ಹಾಕಿದರೆ ಮೊದಲ ಬೆಂಕಿ ಮನೆಯ ಯಜಮಾನಿಯೇ ಹಾಕಬೇಕು, ಕೆಲಸದವರು ಹಾಕಿದರೆ ಆ ಒಲೆ ಏಳಿಗೆಯಾಗುವುದಿಲ್ಲ ಎನ್ನುತ್ತಾರೆ. ಇದ್ದಿಲು ಬಸ್ಸು ಬಂದ ಮೇಲೆ ಕೊಪ್ಪದವರು ಅದೇ ಪದ್ಧತಿಯನ್ನು ಪೀಪಾಯಿಗೂ ಅಂಟಿಸಿದ್ದರು. ಮಾಲೀಕ ಬಂದು ಕಾಯಿ ಒಡೆದು ಮೊದಲ ಬೆಂಕಿ ಮುಟ್ಟಿಸಬೇಕು. ಮುಟ್ಟಿಸಿ ದೂರ ಸರಿದರೆ ಸಾಕು, ಬ್ಲೋವರ್ ತಿರುಗಿಸುವುದು ಕ್ಲೀನರ ಪಾಲು. ಕಮಲಕ್ಕ ಅದಕ್ಕೊಂದು ಬಾಲ ಸೇರಿಸಿದ್ದಳು, ಅಷ್ಟೇ.

"ಅದ್ಕೇನಂತೆ, ಹಂಗೇ ಆಗ್ಲಿ" ಎಂದು ಮಲ್ಲೇಶಪ್ಪ ಬಂದ ದಾರಿ ಹಿಡಿದ.

ಆ ವಿದ್ಯೆ ಕಮಲಕ್ಕನಿಗೆ ಬಂದದ್ದು ಅಪ್ಪನಿಂದ. ನರಸಿಂಹರಾಜಪುರದ ಸುತ್ತಮುತ್ತಲಿನ ಕುಲುಮೆಗಳಿಗೆಲ್ಲ ತಿದಿಯ ಮೂತಿ ಮಾಡಿಕೊಡುತ್ತಿದ್ದವನು ಅವನು. ಬರಿಯ ಸುಟ್ಟ ಮಣ್ಣಿನ ಮೇಲೆ ಕರಗಿದ ಹಿತ್ತಾಳೆ ಹೊಯ್ದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬೀಳುತ್ತದೆ. ಲೋಹಕ್ಕೆ ಮಣ್ಣೆಂದರೆ ಅಷ್ಟು ಅಸಹ್ಯ. ಒಮ್ಮೆ ಅಪ್ಪ ಚೆಂದಕ್ಕೆಂದು ಮೂತಿಯೊಂದಕ್ಕೆ ಬಣ್ಣ ಬಳಿದಿದ್ದ. ಶಿವಮೊಗ್ಗದ ಕಡೆಯ ಗಾಡಿಯವರು ತಂದ, ಕೈ ಜಗ್ಗುವಷ್ಟು ಭಾರದ ಕಪ್ಪು ಅದಿರನ್ನು ಅರೆದು, ಅದಕ್ಕೆ ಕಬ್ಬಿಣಕ್ಕೆ ಅರ ಉಜ್ಜಿದಾಗ ಉದುರುವ ಪುಡಿ ಸೇರಿಸಿ, ಗಂಜಿಯಲ್ಲಿ ಕಲಸಿದ ಬಣ್ಣ. ಕುಲುಮೆಯಲ್ಲಿ ಅದರ ಮೇಲೆ ಬಿದ್ದ ಹಿತ್ತಾಳೆಯ ಹನಿಯನ್ನು ಸುತ್ತಿಗೆಯಿಂದ ಹೊಡೆದರೂ ಕೀಳಲಾಗಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಅದರ ಬೆನ್ನು ಹತ್ತಿದ. ಬಣ್ಣ ಬಳಿದ ಮೂತಿಯನ್ನು ಇದ್ದಿಲ ಪುಡಿ ತುಂಬಿದ ಗಡಿಗೆಯಲ್ಲಿ ಹುಗಿದು, ಬಾಯಿಗೆ ಮಣ್ಣು ಮೆತ್ತಿ, ಗಾಳಿಯ ಸುಳಿವೂ ಸೋಕದಂತೆ ಜೋರು ಬೆಂಕಿಯಲ್ಲಿ ಸುಡಬೇಕು. ಆಗ ಕಬ್ಬಿಣ ಕಬ್ಬಿಣವಾಗಿಯೇ ಉಳಿಯುತ್ತದೆ, ಕಪ್ಪು ಅದಿರು ಮಣ್ಣಿನೊಳಕ್ಕೆ ಬೇರು ಬಿಡುತ್ತದೆ. ತೆಗೆದು ಉಜ್ಜಿದರೆ ಮಣ್ಣಿನ ಮೇಲೆ ಬೂದು ಬಣ್ಣದ ಲೋಹದ ಪೊರೆ. ಆ ಪೊರೆ ಕೂತ ಮೇಲೆ ಹಿತ್ತಾಳೆ ತಕರಾರಿಲ್ಲದೆ ಹರಿದು ಹಿಡಿಯುತ್ತದೆ.

ಅಪ್ಪ ಇನ್ನೊಂದನ್ನೂ ಕಲಿಸಿದ್ದ. ಕಪ್ಪು ಅದಿರು ಇಲ್ಲದೆ ಕೆಮ್ಮಣ್ಣಿನಲ್ಲಿ ಕಬ್ಬಿಣದ ಪುಡಿ ಕಲಸಿ ಬಳಿದರೂ ಪೊರೆ ಕೂರುತ್ತದೆ. ನೋಡುವುದಕ್ಕೆ ಎರಡೂ ಒಂದೇ. ಹಿತ್ತಾಳೆಯೂ ಹಿಡಿಯುತ್ತದೆ. ತಣ್ಣಗಿರುವಾಗ ನೀರು ತುಂಬಿ ನೋಡಿದರೆ ಒಂದು ಹನಿ ಸೋರುವುದಿಲ್ಲ. ಆದರೆ ಅದಕ್ಕೆ ಬೇರಿಲ್ಲ. ಬೆಂಕಿ ಬಿದ್ದಾಗ ಪೊರೆ ಮಣ್ಣಿನಿಂದ ಸುಲಿದು ಬರುತ್ತದೆ. ಹಾಗೆ ಮಾಡಬೇಡ ಎಂದು ಅಪ್ಪ ಹೇಳಿಕೊಟ್ಟಿದ್ದನ್ನೇ ಮಾಡಬೇಕೆಂದು ಕಮಲಕ್ಕ ಅಂದೇ ನಿಶ್ಚಯಿಸಿದಳು.

ಬಿಳಿ ಜೇಡಿಗೆ ಬೆಣಚುಕಲ್ಲಿನ ಪುಡಿ ಸೇರಿಸಿ ನಾದಿ, ಮೂತಿ ತಿದ್ದಿ, ಒಣಗಿಸಿ ಸುಟ್ಟಳು. ಆಮೇಲೆ ಕೆಮ್ಮಣ್ಣು ಕಲಸಿದಳು. ಮೂತಿಗೆ ಅದನ್ನೇ ಸಮನಾಗಿ ಬಳಿದಳು. ಮಲ್ಲೇಶಪ್ಪ ಕುಕ್ಕರುಗಾಲಲ್ಲಿ ಕೂತಿರುವುದು, ಹಿಡಿ ತಿರುಗಿಸುವುದು, ಮೂತಿಯ ಬುಡದಿಂದ ಬೆಂಕಿ ನಾಲಗೆ ಚಾಚುವುದು, ಎಲ್ಲವನ್ನೂ ಮನಸ್ಸಿನಲ್ಲೇ ಮತ್ತೆ ಮತ್ತೆ ನೋಡಿ ಚಪ್ಪರಿಸಿದಳು. ಎಷ್ಟೋ ದಿನದಿಂದ ರುಚಿಯಿಲ್ಲದ ಗಂಜಿ ಅವತ್ತು ಅವಳಿಗೆ ರುಚಿಸಿತು.

ಪೊರೆ ಕೂತ ಮೂತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬೂತಪ್ಪನ ಕೈ ಹಿಡಿದು ನಡೆಸಿಕೊಂಡು ಬಾಳಗಡಿಯ ಕುಲುಮೆಗೆ ಹೋದಳು. ಕಣ್ಣು ಹೋದ ಮೇಲೆ ಬೂತಪ್ಪ ಆಗಾಗ ತ್ರ್ಯಂಬಕಾಚಾರಿಯ ತಿದಿ ಒತ್ತಲು ಹೋಗುತ್ತಿದ್ದ. ಬೆಂಕಿಯ ಸದ್ದು ಕೇಳಿಯೇ ಎಷ್ಟು ಗಾಳಿ ಬೇಕೆಂದು ಅವನಿಗೆ ತಿಳಿಯುತ್ತಿತ್ತು. ಯಾರ ಬಸ್ಸಿಗೆ ಈ ಮೂತಿ ಎಂಬುದನ್ನು ಕಮಲಕ್ಕ ಅವನಿಂದ ಮುಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟಿದ್ದು ಕೆಮ್ಮಣ್ಣನ್ನು ಮಾತ್ರ.

ಕುಲುಮೆಯಲ್ಲಿ ಒಬ್ಬ ಹೊಸ ಮನುಷ್ಯ ಕಬ್ಬಿಣದ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನೆಮ್ಮಾರಿನ ಸುಬ್ಬಪ್ಪ, ಮಲ್ಲೇಶಪ್ಪನ ಬಸ್ಸಿಗೆ ಈಚೆಗೆ ಸೇರಿದ ಕ್ಲೀನರು. ಬೂತಪ್ಪನನ್ನು ಕಂಡವನೇ ಎದ್ದು ನಿಂತ. ಅವನ ಸುಟ್ಟ ಮುಖವನ್ನು ನೋಡಿ ಕಣ್ಣು ತಗ್ಗಿಸಿದ.

"ಬೂತಣ್ಣ, ಒಂದು ಮಾತು ಕೇಳ್ಲಾ? ಬ್ಲೋವರ್ ತಿರುಗಿಸುವಾಗ ಮುಖ ಎತ್ಲಾಗೆ ಇಟ್ಕಳ್ಬೇಕು? ನಂಗೆ ಯಾರೂ ಹೇಳ್ಕೊಡ್ಲಿಲ್ಲ. ಹೆಂಡ್ತಿ ದಿನಾ ಹೆದರ್ತಾಳೆ ಮಾರಾಯ."

ಬೂತಪ್ಪ ತಿದಿಯ ಪಕ್ಕದಲ್ಲಿ ಕೂತು ಸುಬ್ಬಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದ. ಮೆಲ್ಲಗೆ ಎಡಕ್ಕೆ ತಿರುಗಿಸಿದ. "ಹೀಂಗೆ. ಮೂತಿಗೆ ಕೆನ್ನೆ ಕೊಡ್ಬೇಕು, ಕಣ್ಣು ಕೊಡ್ಬಾರ್ದು. ಆದ್ರೂ ಜಾಗ ಸಣ್ಣದು ನೋಡು. ಹಿಡಿ ಗಟ್ಟಿ ಆದಾಗ ಮುಖ ತಾನಾಗೇ ಮೂತಿ ಕಡೆಗೆ ತಿರುಗ್ತದೆ. ಬೆಸುಗೆ ಒಂದು ಸರಿ ಇದ್ರೆ ಎಂಥದೂ ಆಗೋದಿಲ್ಲ. ನಮ್ಮ ಕಮಲಿ ಮಾಡಿದ್ದು ಇದು, ನೀನು ಹೆದರ್ಬೇಡ."

ಕಮಲಕ್ಕನ ಕೈಯಲ್ಲಿ ಮೂತಿ ಇತ್ತು. ಅವಳು ಅದನ್ನು ಆಚಾರಿಗೆ ಕೊಡಲಿಲ್ಲ.

ಇಷ್ಟು ದಿನ ಅವಳಿಗೆ ಕಂಡದ್ದು ಮಲ್ಲೇಶಪ್ಪನ ಮುಖ ಒಂದೇ. ಆ ಮುಖ ಬ್ಲೋವರಿನ ಹತ್ತಿರ ಇರುವುದು ಒಂದು ಬೆಳಿಗ್ಗೆ, ಅದೂ ಕಾಯಿ ಒಡೆದ ಮೇಲೆ ಒಂದಿಷ್ಟು ಹೊತ್ತು. ಕೆಮ್ಮಣ್ಣಿನ ಪೊರೆ ಅಷ್ಟರೊಳಗೆ ಬಿಡುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಅಂದು ಬಿಡದೆ, ಮರುದಿನ ಶೃಂಗೇರಿಯ ದಾರಿಯ ಅದೇ ಏರಿನಲ್ಲಿ ಬಿಟ್ಟರೆ? ಅಲ್ಲಿ ಬಗ್ಗಿರುವುದು ಈ ಸುಬ್ಬಪ್ಪನ ಮುಖ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇದೆಂಥ ಅನ್ಯಾಯ! ಸಾಹುಕಾರನ ಮೇಲೆ ಸೇಡು ತೀರಿಸಿಕೊಳ್ಳಲು ಹೋದರೂ ನಡುವೆ ಬಡವನ ಮುಖವೇ ಅಡ್ಡ ಬರಬೇಕೆ? ಎಲ್ಲಿಂದ ಬೆಂಕಿ ಹಚ್ಚಿದರೂ ಅದು ದಾರಿ ಹುಡುಕಿಕೊಂಡು ಕೂಲಿಯವನ ಹತ್ತಿರವೇ ಬರುವುದೆ? ಮಲ್ಲೇಶಪ್ಪನ ಮೇಲೆ ಅವಳಿಗಿದ್ದ ಸಿಟ್ಟು ಆ ಗಳಿಗೆಯಲ್ಲಿ ಇಮ್ಮಡಿಯಾಯಿತು.

"ಆಚಾರ್ರೇ, ಪೊರೆ ಸಮ ಕೂತಿಲ್ಲ. ನಾಳೆ ತರ್ತೀನಿ" ಎಂದಳು.

"ಚೆನ್ನಾಗೇ ಕಾಣ್ತದಲ್ಲೇ."

"ಕಾಣೋದು ಬೇರೆ, ಇರೋದು ಬೇರೆ."

ಮನೆಗೆ ಬಂದು ಆ ಪೊರೆಯನ್ನು ಕಲ್ಲಿನಿಂದ ಉಜ್ಜಿ ಉಜ್ಜಿ ತೆಗೆದಳು. ಬೆರಳ ತುದಿ ಕಿತ್ತು ರಕ್ತ ಬಂತು. ಅಳು ಬಂತು. ಮಲ್ಲೇಶಪ್ಪನಿಗೆ ಬಾಯಿಗೆ ಬಂದಂತೆ ಬೈದಳು, ಅವನ ಹೆತ್ತವರಿಗೂ ಬೈದಳು. ಅಪ್ಪ ಬಿಟ್ಟುಹೋದ ಕಪ್ಪು ಅದಿರಿನ ಗಟ್ಟಿಯನ್ನು ತೆಗೆದು ಕಾಡಿಗೆಯಷ್ಟು ನುಣ್ಣಗೆ ಅರೆದಳು. ತನ್ನ ಶತ್ರುವಿನ ಬಸ್ಸಿಗೆ ತನ್ನ ಜನ್ಮದಲ್ಲೇ ಮಾಡದಷ್ಟು ಒಳ್ಳೆಯ ಕೆಲಸ ಮಾಡಬೇಕಾಗಿ ಬಂದ ಹೆಂಗಸಿನ ಹೊಟ್ಟೆಯುರಿ ಹೇಗಿರುತ್ತದೆಂದು ಹೇಳುವುದು ಕಷ್ಟ.

ಮರುದಿನ ಬೆಸುಗೆಯಾಯಿತು. ಮೂತಿಯ ಬುಡವನ್ನು ಕೊಳವೆಯ ಬಾಯಿಗೆ ಕೂರಿಸಿ, ನಡುವೆ ತಾಮ್ರದ ತೆಳು ಪಟ್ಟಿಯೊಂದನ್ನು ಸುತ್ತಿದರು. ಕಬ್ಬಿಣ ತಣಿಯುವಾಗ ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ಆ ಹಿಡಿತಕ್ಕೆ ಮಣ್ಣು ಸಿಡಿಯದಂತೆ ಮೆತ್ತನೆಯ ತಾಮ್ರ ನಡುವೆ ನಿಂತು ಪೆಟ್ಟು ತಿನ್ನುತ್ತದೆ. ಹಿತ್ತಾಳೆ ಸಲೀಸಾಗಿ ಹರಿಯಲೆಂದು ಬಿಳಿಗಾರ ಉದುರಿಸಿದರು. ಬೂತಪ್ಪ ಒಂದೇ ಸಮನೆ ತಿದಿ ಒತ್ತಿದ. ಹಿತ್ತಾಳೆ ಕರಗಿ, ಒಂದು ಸಲ ಮಿನುಗಿ, ಸುತ್ತಲೂ ಹರಿದು ಸಂದಿಯೊಳಗೆ ಇಳಿದುಹೋಯಿತು. ಬಿಸಿ ಬೂದಿಯಲ್ಲಿ ಹುಗಿದು ತಣಿಯಲು ಬಿಟ್ಟರು. ತೆಗೆದಾಗ ಆಚಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಬಸ್ಸಿಗಿಂತ ಹೆಚ್ಚು ದಿನ ಬಾಳ್ತದೆ" ಎಂದ. ಕಮಲಕ್ಕನಿಗೆ ಅದು ಬೈಗುಳದಂತೆ ಕೇಳಿಸಿತು.

ಸೋಮವಾರ ಬೆಳಿಗ್ಗೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಜನ ನೆರೆದಿದ್ದರು. ಶೃಂಗೇರಿಗೆ ಹೋಗುವವರು ಗಂಟುಮೂಟೆ ಹೊತ್ತು ನಿಂತಿದ್ದರು. ಬಸ್ಸಿಗೆ ಹೂವಿನ ಹಾರ ಬಿದ್ದಿತ್ತು. ಲೈನಿನ ವಿಷಯ ನೋಡಲು ಬಂದಿದ್ದ ಮೇಲಿನವರ ಗುಮಾಸ್ತನೊಬ್ಬ ಹೋಟೆಲಿನ ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದ. ತ್ರ್ಯಂಬಕಾಚಾರಿ ಮೂತಿಯನ್ನು ಪೀಪಾಯಿಗೆ ಕೂರಿಸಿ, ನಟ್ಟು ಬಿಗಿಯುವುದಕ್ಕೆ ಮೊದಲು ಮಾಲೀಕನಿಗೆ ತೋರಿಸಿದ. ಕಮಲಕ್ಕ ಬೂತಪ್ಪನ ಕೈ ಹಿಡಿದುಕೊಂಡು ಮುಂದೆಯೇ ನಿಂತಿದ್ದಳು. ಅವಳು ನೋಡಬೇಕೆಂದಿದ್ದ ನೋಟ ಅದಾಗಿರಲಿಲ್ಲ. ಬಸ್ಸು ಓಡುತ್ತದೆ, ಲೈನು ಉಳಿಯುತ್ತದೆ, ಆ ಮನುಷ್ಯ ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಾನೆ. ತನ್ನ ಕೈಯಾರೆ ಅವನನ್ನು ಉದ್ಧಾರ ಮಾಡಿದ್ದಾಯಿತು ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

ಮಲ್ಲೇಶಪ್ಪ ಕಾಯಿ ಒಡೆದ. ಊದುಬತ್ತಿ ಬೆಳಗಿದ. ಬೆಂಕಿಯ ಕೊಳ್ಳಿ ಕೈಗೆ ತೆಗೆದುಕೊಂಡು ಪೀಪಾಯಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಮೂತಿ ಅವನ ಮುಖಕ್ಕೆ ಒಂದು ಮೊಳದಷ್ಟು ದೂರದಲ್ಲಿತ್ತು. ಕೂತವನು ಯಾಕೋ ತಲೆಯೆತ್ತಿ ಕಮಲಕ್ಕನನ್ನು ನೋಡಿದ. ಆಮೇಲೆ ಅವಳ ಪಕ್ಕದಲ್ಲಿದ್ದ ಬೂತಪ್ಪನ ಮುಖ ನೋಡಿದ. ಎರಡು ವರ್ಷದಲ್ಲಿ ಆ ಮುಖವನ್ನು ಅವನು ನೋಡಿರಲಿಲ್ಲ.

"ಬೆಸುಗೆ ಸರಿ ಇದ್ಯಲ್ಲ?" ಎಂದ.

ಅವನ ದನಿಯಲ್ಲಿ ಏನೋ ಇತ್ತು. ಕಮಲಕ್ಕನ ಕಿವಿ ನಿಮಿರಿತು.

"ಸರಿ ಇದೆ ಸಾವ್ಕಾರ್ರೇ."

"ಎಂಥೆಂಥ ಹಾಕಿ ಮಾಡಿದೆ?"

"ಹಾಕ್ಬೇಕಾದ್ದೇ ಹಾಕಿದೀನಿ."

ಮಲ್ಲೇಶಪ್ಪನ ಹಣೆಯಲ್ಲಿ ಬೆವರು ಮೂಡಿತು. ಇನ್ನೂ ಬೆಂಕಿ ಮುಟ್ಟಿಸಿರಲಿಲ್ಲ, ಬೆಳಗಿನ ಚಳಿ ಬೇರೆ. ಕಮಲಕ್ಕನಿಗೆ ಆಗ ಎಲ್ಲವೂ ನಿಚ್ಚಳವಾಗಿ ಕಂಡಿತು. ಈ ಮನುಷ್ಯ ಹೆದರಿದ್ದಾನೆ. ತಾನು ಅವಳ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಅವಳು ಅದನ್ನು ಮಾಡದೆ ಬಿಟ್ಟಿರುವುದು ಅವನ ತಲೆಗೆ ಹೋಗುವಂತೆಯೇ ಇಲ್ಲ. ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದರೂ ಅವನು ನಂಬಲಾರ. ಎರಡು ವರ್ಷದಲ್ಲಿ ಮೊದಲ ಸಲ ಕಮಲಕ್ಕನಿಗೆ ನಗು ಬಂತು. ಅವಳು ಅದನ್ನು ತಡೆಯಲಿಲ್ಲ. ಹಲ್ಲು ಕಾಣುವಂತೆ, ಮಲ್ಲೇಶಪ್ಪನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು.

"ಹೊತ್ತಿಸಿ ಸಾವ್ಕಾರ್ರೇ. ಮುಖ ಇನ್ನೂ ಸ್ವಲ್ಪ ಹತ್ರ ಇಟ್ಕಳಿ. ಹಿಡಿ ತಿರುಗ್ಸೋಕೆ ಅನುಕೂಲ ಆಗ್ತದೆ."

ಮಲ್ಲೇಶಪ್ಪ ಕೊಳ್ಳಿಯನ್ನು ಮೂತಿಯಿಂದ ದೂರ ಸರಿಸಿದ. ಸುಬ್ಬಪ್ಪ, "ನಾನು ಕೂತ್ಕಳ್ಲಾ ಸಾವ್ಕಾರ್ರೇ?" ಎಂದು ಮುಂದೆ ಬಂದ. ಕೂಡಿದ ಜನರಲ್ಲಿ ಯಾರೋ, ಮೊದಲ ಬೆಂಕಿ ಮಾಲೀಕರದ್ದೇ ಆಗಬೇಕು, ಕ್ಲೀನರ ಕೈಯಲ್ಲಿ ಮಾಡಿಸಬೇಡಿ, ಅಪಶಕುನ ಎಂದರು. ಹೋಟೆಲಿನ ಬೆಂಚಿನಿಂದ ಗುಮಾಸ್ತ ಗಡಿಯಾರ ನೋಡಿದ. ಮಲ್ಲೇಶಪ್ಪ ಮುಂದಕ್ಕೆ ಬಗ್ಗಿದ, ಮತ್ತೆ ಹಿಂದಕ್ಕೆ ಸರಿದ. ಮತ್ತೊಮ್ಮೆ ಬಗ್ಗಿದ. ಕಮಲಕ್ಕ ನಗುತ್ತಲೇ ಇದ್ದಳು.

ಇದ್ದಕ್ಕಿದ್ದಂತೆ ಅವನು ಕೊಳ್ಳಿಯನ್ನು ಬಿಸಾಕಿ ಎದ್ದ. ಆಚಾರಿಯ ಚೀಲದಲ್ಲಿದ್ದ ಸುತ್ತಿಗೆ ಕಸಿದುಕೊಂಡ. ಇನ್ನೂ ನಟ್ಟು ಬಿಗಿಯದಿದ್ದ ಮೂತಿಯನ್ನು ಕೊಳವೆಸಮೇತ ಪೀಪಾಯಿಯಿಂದ ಸೆಳೆದು ನೆಲದ ಮೇಲಿಟ್ಟು ಎತ್ತಿ ಎತ್ತಿ ಹೊಡೆದ.

"ಕೊಲ್ಲೋಕೆ ಮಾಡಿದಾಳೆ! ನೋಡ್ರೋ ಎಲ್ರೂ! ಇದ್ರಲ್ಲಿ ಮೋಸ ಇದೆ! ನಂಗೆ ಗೊತ್ತಿಲ್ವಾ? ಅವತ್ತು ನಾನು ಕಲಾಯಿಯವನ ಕೈಲಿ ಬಿರುಕಿಗೆ ಸೀಸ ಮೆತ್ತಿಸಿ ಮಸಿ ಬಳಿಸಿದ್ದಕ್ಕೆ, ಇವತ್ತು ಇವಳು ನನ್ ಕಣ್ಣು ತೆಗೆಯೋಕೆ ಬಂದಿದಾಳೆ!"

ಹೊಡೆತ ನಿಂತಿತು. ಅವನು ಏದುಸಿರು ಬಿಡುತ್ತಿದ್ದ. ತನ್ನ ಬಾಯಿಂದ ಏನು ಹೊರಬಿತ್ತೆಂದು ಅವನಿಗೇ ತಡವಾಗಿ ತಿಳಿಯಿತು. ಸುತ್ತಿಗೆ ಕೈಯಲ್ಲೇ ಉಳಿಯಿತು.

ಕೆಂಡದ ಬಸ್ಸು ನೋಡಿದ ಆ ಊರಿನವರಿಗೆ ಸೀಸವೆಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಡಿಗೆ ಒಲೆಯ ಬೆಂಕಿಗೇ ನೀರಾಗುವ ವಸ್ತು ಅದು. ಅದನ್ನು ಕೆಂಡದ ಬಾಯಿಗೆ ಮೆತ್ತಿ, ಅದರ ಮುಂದೆ ಒಬ್ಬ ಮನುಷ್ಯನನ್ನು ಕೂರಿಸಿದ್ದ.

ಕಮಲಕ್ಕನಿಗೂ ಅದು ಗೊತ್ತಿರಲಿಲ್ಲ. ಗಂಡ ಕುಡಿದಿರಲಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ಅವಳ ನಗು ಎಲ್ಲಿ ಹೋಯಿತೋ. ಅವಳು ಪಕ್ಕಕ್ಕೆ ತಿರುಗಿದಳು. ಬೂತಪ್ಪ ಗಾಳಿಯಲ್ಲಿ ಏನನ್ನೋ ಹುಡುಕುವವನಂತೆ ಕೈ ಚಾಚಿದ್ದ.

"ಸೀಸ ಅಂದ್ರಾ?" ಎಂದ. "ಕಮಲಿ, ಸಾವ್ಕಾರ್ರು ಸೀಸ ಅಂದ್ರಾ?"

"ಹೌದು, ಸೀಸ ಅಂದ್ರು. ಎಲ್ರೂ ಕೇಳಿದ್ರು."

"ಹಂಗಾದ್ರೆ ನಾನು ಕುಡ್ದಿರ್ಲಿಲ್ಲ."

"ನೀವು ಕುಡ್ದಿರ್ಲಿಲ್ಲ."

ಬೂತಪ್ಪ ಆ ಮಾತನ್ನು ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡ. ಅವನ ಸುಟ್ಟ ರೆಪ್ಪೆಗಳ ಕೆಳಗೆ ನೀರು ಬಂತು. ಕಣ್ಣಿಲ್ಲದಿದ್ದರೂ ನೀರು ಬರುತ್ತದೆಂದು ಕಮಲಕ್ಕನಿಗೆ ಅಂದೇ ತಿಳಿದದ್ದು. ಜನರಲ್ಲಿ ಕೆಲವರು ತಲೆ ತಗ್ಗಿಸಿದರು. ಎರಡು ವರ್ಷ ಹೌದೌದು ಎಂದು ಅಲ್ಲಾಡಿದ ತಲೆಗಳೇ ಅವು.

ತ್ರ್ಯಂಬಕಾಚಾರಿ ನೆಲಕ್ಕೆ ಕೂತು ಚೂರುಗಳನ್ನು ಹೆಕ್ಕಿದ. ಮೂತಿ ಪುಡಿಪುಡಿಯಾಗಿತ್ತು. ಆದರೆ ಕೊಳವೆಯ ಬಾಯಿಯ ಸುತ್ತ, ಹಿತ್ತಾಳೆ ಹಿಡಿದ ಕಡೆಯಲ್ಲೆಲ್ಲ, ಮಣ್ಣು ಇನ್ನೂ ಕಚ್ಚಿಕೊಂಡೇ ಇತ್ತು. ಅವನು ಉಳಿಯಿಟ್ಟು ಒತ್ತಿ ನೋಡಿದ. ಬರಲಿಲ್ಲ. ಕೊಳವೆಯನ್ನು ಎತ್ತಿ ಮಲ್ಲೇಶಪ್ಪನ ಮುಖದ ಮುಂದೆ ಹಿಡಿದ.

"ಕಾಣಿ ಸಾವ್ಕಾರ್ರೇ. ಮಣ್ಣು ಒಡ್ದಿದೆ, ಬೆಸುಗೆ ಬಿಟ್ಟಿಲ್ಲ. ಎಂಥ ಚಿನ್ನದಂಥ ಕೆಲ್ಸ ಹಾಳು ಮಾಡಿದ್ರಿ ಮಾರಾಯ್ರೆ."

ಮಲ್ಲೇಶಪ್ಪ ಅದನ್ನು ನೋಡಿದ. ಹೋಟೆಲಿನ ಬೆಂಚಿನಿಂದ ಗುಮಾಸ್ತ ಎದ್ದು, ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು, ಕಚೇರಿಯ ಕಡೆ ನಡೆದ. ಶೃಂಗೇರಿಗೆ ಹೋಗಬೇಕಾದವರು ಒಬ್ಬೊಬ್ಬರೇ ಗಂಟು ಕೆಳಗಿಳಿಸಿ ಎತ್ತಿನ ಗಾಡಿ ಹುಡುಕತೊಡಗಿದರು. ಸುಬ್ಬಪ್ಪ ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಕೊಡವಿ, ಬಸ್ಸಿನಿಂದ ದೂರ ಹೋಗಿ ಬೂತಪ್ಪನ ಪಕ್ಕದಲ್ಲಿ ನಿಂತ.

ಮಲ್ಲೇಶಪ್ಪ ಸುತ್ತಿಗೆಯನ್ನು ಕೆಳಗೆ ಬಿಟ್ಟು ಕಮಲಕ್ಕನ ಹತ್ತಿರ ಬಂದ. ಅವನ ಕೈಗಳು ತಾವಾಗಿಯೇ ಕೂಡಿಕೊಂಡಿದ್ದವು.

"ಕಮಲಕ್ಕ, ಇನ್ನೊಂದು ಮಾಡಿಕೊಡಿ. ಗುಮಾಸ್ತರ ಹತ್ರ ನಾಕು ದಿನ ಕೇಳಿಕೊಳ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದೇ ಒಂದು."

ಕಮಲಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಾಡ್ಕೊಡ್ತೀನಿ ಸಾವ್ಕಾರ್ರೇ, ಅದ್ಕೇನಂತೆ" ಎಂದಳು. "ಒಂದಲ್ಲ, ಹತ್ತು ಮಾಡ್ಕೊಡ್ತೀನಿ. ಆದ್ರೆ ನೀವು ಅದ್ರ ಮುಂದೆ ಕೂರೋದು ಹೆಂಗೆ?"